ಓದುಗರ ಪ್ರಶ್ನೆ: ಸ್ಮಾರ್ಟ್ ಸಾರಿಗೆಗೆ ಊರು ಸಿದ್ಧವೇ ಎಂದು ಹೇಳಬೇಕಾದವರು ಯಾರು?

ಪ್ರಶ್ನೆ: ಸ್ಮಾರ್ಟ್ ಸಾರಿಗೆ ತಂತ್ರಜ್ಞಾನಕ್ಕೆ ಒಂದು ನಗರ ಎಷ್ಟು ಸಿದ್ಧವಾಗಿದೆ ಎಂದು ಅಳೆಯುವಾಗ ಸ್ಥಳೀಯರನ್ನೂ ಕೇಳಬೇಕು ಎನ್ನುತ್ತಾರೆ. ಜಿಪಿಎಸ್, ಸೆನ್ಸರ್‌ಗಳ ಒಳಹೊರಗು ತಿಳಿಯದ ನೇಕಾರರು, ಆಟೊ ಚಾಲಕರು, ಅಂಗಡಿಕಾರರು ಅಲ್ಲಿ ಹೇಳುವುದೇನಿರುತ್ತದೆ? ಇದು ಎಂಜಿನಿಯರುಗಳ ಕೆಲಸವಲ್ಲವೇ?
— ಓದುಗರೊಬ್ಬರು, ವಡಗಾವಿ, ಬೆಳಗಾವಿ

ಉತ್ತರ: ಅಳೆಯುವ ಕೆಲಸ ಎಂಜಿನಿಯರುಗಳದ್ದೇ ಇರಲಿ. ಆದರೆ ಏನನ್ನು ಅಳೆಯಬೇಕು, ಯಾವ ಅಂಶಕ್ಕೆ ಎಷ್ಟು ತೂಕ ಕೊಡಬೇಕು ಎಂಬ ತೀರ್ಮಾನವೂ ಅವರದ್ದಷ್ಟೇ ಆದರೆ, ಸಲಕರಣೆಗಳ ಪಟ್ಟಿಯನ್ನೇ ಸಿದ್ಧತೆಯೆಂದು ಎಣಿಸುವ ಅಪಾಯವಿದೆ. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳಲ್ಲಿ ಬೆಳಗಾವಿಯೂ ಒಂದು. ನಗರದ ಕ್ಯಾಮೆರಾ, ಸೆನ್ಸರ್‌ಗಳ ಮಾಹಿತಿಯನ್ನು ಒಂದೇ ಕಡೆ ಕುಳಿತು ಗಮನಿಸುವ ಕಮಾಂಡ್ ಆ್ಯಂಡ್ ಕಂಟ್ರೋಲ್ ಸೆಂಟರ್ ಇಲ್ಲಿದೆ. ಅಷ್ಟರಿಂದಲೇ ಪ್ರಶ್ನೆ ಬಗೆಹರಿಯುವುದಿಲ್ಲ. ಪೇಟೆಯ ರಸ್ತೆಗಳು ಮಹಾನಗರ ಪಾಲಿಕೆಯವು, ಕ್ಯಾಂಪಿನವು ಕಂಟೋನ್ಮೆಂಟ್ ಬೋರ್ಡಿನವು, ಸಂಚಾರ ನಿಯಂತ್ರಣ ಪೊಲೀಸ್ ಕಮಿಷನರೇಟಿನದು, ಬಸ್ಸುಗಳು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯವು. ಒಬ್ಬರಲ್ಲಿರುವ ಮಾಹಿತಿ ಇನ್ನೊಬ್ಬರಿಗೆ ಹೊತ್ತಿಗೆ ಸರಿಯಾಗಿ ತಲುಪುತ್ತದೆಯೇ, ಸಿಗ್ನಲ್ ಕೆಟ್ಟರೆ ದುರಸ್ತಿಯ ಹಣ ಯಾರ ಬಜೆಟ್ಟಿನಿಂದ ಬರುತ್ತದೆ ಎಂಬುದೇ ಮೊದಲ ಪರೀಕ್ಷೆಯಾಗಬೇಕು.

ಇನ್ನು ನೀವು ಹೆಸರಿಸಿದ ಜನರ ವಿಷಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗಿನಿಂದ ಮಹಿಳೆಯರಿಗೆ ಶೂನ್ಯ ದರದ ಟಿಕೆಟ್ ನೀಡಲಾಗುತ್ತಿದ್ದು, ಪ್ರಯಾಣಿಕರು ಎಲ್ಲಿಂದ ಎಲ್ಲಿಗೆ ಹೋದರೆಂಬ ಲೆಕ್ಕ ನಿರ್ವಾಹಕರ ಟಿಕೆಟ್ ಯಂತ್ರದಿಂದ ಸಿಗುತ್ತದೆ. ಆದರೆ ತುಂಬಿದ ಬಸ್ಸಿಗೆ ಹತ್ತಲಾಗದೆ ಶೇರ್ ಆಟೊ ಹಿಡಿದವರು ಆ ಲೆಕ್ಕಕ್ಕೆ ಸಿಗುವುದೇ ಇಲ್ಲ. ಅವರ ವಿಷಯ ನಿರ್ವಾಹಕರಿಗೆ ಗೊತ್ತು, ಆಟೊದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಖಡೇಬಜಾರ್, ಗಣಪತ ಗಲ್ಲಿಗಳಲ್ಲಿ ಸರಕು ಇಳಿಸುವ ಹೊತ್ತನ್ನು ಹಮಾಲರೂ, ಗಣೇಶ ವಿಸರ್ಜನೆಯ ಮೆರವಣಿಗೆ ಯಾವ ತಿರುವಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಮಂಡಳಗಳವರೂ ಬಲ್ಲರು. ವಾಹನಗಳ ದಟ್ಟಣೆ ನೋಡಿ ತಾನೇ ಸಮಯ ಬದಲಿಸಿಕೊಳ್ಳುವ ಸಿಗ್ನಲ್ ದಟ್ಟಣೆಯನ್ನು ಕಾಣಬಲ್ಲದು. ಅದರ ಕಾರಣವನ್ನು ಯಾರಾದರೂ ಹೇಳಬೇಕು.

ಇಂಥ ಅಭಿಪ್ರಾಯವನ್ನು ಅಂಕಿಗೆ ಇಳಿಸುವ ವಿಧಾನಗಳೂ ಇವೆ. 1970ರ ದಶಕದಲ್ಲಿ ಗಣಿತಜ್ಞ ಥಾಮಸ್ ಸಾಟಿ ರೂಪಿಸಿದ ಪದ್ಧತಿಯಲ್ಲಿ ಎರಡೆರಡು ಅಂಶಗಳನ್ನು ಎದುರುಬದುರಾಗಿಟ್ಟು ಯಾವುದು ಎಷ್ಟು ಹೆಚ್ಚು ಮುಖ್ಯವೆಂದು 1ರಿಂದ 9ರವರೆಗಿನ ಅಳತೆಯಲ್ಲಿ ಕೇಳುತ್ತಾರೆ: ಬಸ್ ಬರುವ ಸಮಯ ಮೊಬೈಲಿನಲ್ಲಿ ತಿಳಿಯುವುದು ಮುಖ್ಯವೋ, ನಿಲ್ದಾಣದ ಫಲಕದಲ್ಲಿ ಕಾಣುವುದು ಮುಖ್ಯವೋ ಎಂಬಂತೆ. ಉತ್ತರಗಳು ಪರಸ್ಪರ ತಾಳೆಯಾಗುತ್ತವೆಯೇ ಎಂದು ನೋಡುವ ಲೆಕ್ಕವೂ ಇದರಲ್ಲಿದ್ದು, ಅಸಂಗತಿಯ ಅನುಪಾತ 0.10 ಮೀರಿದರೆ ತೀರ್ಪನ್ನು ಮರುಪರಿಶೀಲಿಸಬೇಕಾಗುತ್ತದೆ. ಎಲ್ಲರ ಉತ್ತರಗಳನ್ನೂ ಕಲಸಿ ಸರಾಸರಿ ತೆಗೆಯುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅಧಿಕಾರಿಗಳು ಮೊಬೈಲಿಗೆ ಹೆಚ್ಚಿನ ತೂಕ ಕೊಟ್ಟು, ಮಗ್ಗದ ಕೆಲಸಕ್ಕೆ ಹೋಗುವ ಮಹಿಳೆಯರು ಫಲಕಕ್ಕೆ ಕೊಟ್ಟಿದ್ದರೆ, ಗಮನಿಸಬೇಕಾದದ್ದು ಆ ಅಂತರವನ್ನೇ. ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ. ಆದ್ದರಿಂದ ಪ್ರತಿ ಗುಂಪಿನ ತೂಕವನ್ನೂ ಬೇರೆಬೇರೆಯಾಗಿ ಪ್ರಕಟಿಸಬೇಕು.

ಕರೆಯುವ ಹೊತ್ತೂ ಮುಖ್ಯ. ಯೋಜನಾ ವರದಿ ಸಿದ್ಧವಾದ ಮೇಲೆ, ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಹಾಜರಿ ಪುಸ್ತಕವಷ್ಟೇ ತುಂಬೀತು. ಮಾನದಂಡಗಳ ಕರಡನ್ನೇ ಜನರ ಮುಂದಿಡಬೇಕು. ಅದು ತಯಾರಾಗಿದ್ದೂ ಕೊಡದಿದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನಗಳನ್ನು ಅವರಿಗೇ ಕೊಟ್ಟಿದೆ. ಹೊಸ ವೇದಿಕೆ ಕಟ್ಟುವ ಮುನ್ನ ಇವುಗಳಿಗೆ ಜೀವ ತುಂಬುವುದು ಲೇಸು.

ಪ್ರಶ್ನೆ: ನಮ್ಮ ಊರು ಸ್ಮಾರ್ಟ್ ಸಿಟಿ ಪಟ್ಟಿಯಲ್ಲಿಲ್ಲ. ನಮಗೂ ಇಂಥ ಮೌಲ್ಯಮಾಪನ ಬೇಕೇ?
— ಓದುಗರೊಬ್ಬರು, ವಿಜಯಪುರ

ಉತ್ತರ: ಬೇಕು, ಯಂತ್ರಗಳನ್ನು ಕೊಳ್ಳುವ ಮೊದಲೇ ಮಾಡಿಕೊಂಡರೆ ಖರ್ಚೂ ಉಳಿಯುತ್ತದೆ. ನಿಮ್ಮಲ್ಲಿ ಆಟೊ, ಟಾಂಗಾದವರ ಜೊತೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನೂ ಮೊದಲ ಸಭೆಗೇ ಕರೆಯಬೇಕು. ಗೋಳಗುಮ್ಮಟದಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ನಿರ್ಮಾಣಕ್ಕೆ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕಾದ ನಿಯಂತ್ರಿತ ಪ್ರದೇಶವಾಗಿರುವುದರಿಂದ, ಕ್ಯಾಮೆರಾ ಕಂಬಕ್ಕೆ ಗುಂಡಿ ತೋಡುವ ಮಾತು ಬಂದ ಕೂಡಲೇ ಈ ನಿಯಮ ಎದುರಾಗುತ್ತದೆ. ಟೆಂಡರ್ ಕರೆದ ಮೇಲೆ ಅದನ್ನು ಅರಿತುಕೊಂಡರೆ ನಕ್ಷೆಯನ್ನೇ ಮತ್ತೆ ಬರೆಯಬೇಕಾದೀತು.