ಐಸ್ ಹಾಕಿ ಗೋಲ್‌ಕೀಪರ್‌ಗಳು ಮೂವತ್ತು ದಾಟಿದ ಮೇಲೆ ಹೆಸರು ಮಾಡುವುದು ಹೇಗೆ?

ಮಂಗಳೂರಿನಲ್ಲಿ ರೋಲರ್ ಸ್ಕೇಟಿಂಗ್ ಕಲಿಯುವ ಮಗ ಕೇಳಿದ ಪ್ರಶ್ನೆ ಅಂದಿದ್ದೀರಿ, ಒಳ್ಳೆಯ ಪ್ರಶ್ನೆಯೇ. ಹೆಸರು ಬರಲು ತಡವಾಗುವುದಕ್ಕೆ ಮುಖ್ಯ ಕಾರಣ ತಂಡದಲ್ಲಿ ಜಾಗ ಇಲ್ಲದಿರುವುದು. ಪಂದ್ಯಕ್ಕೆ ಒಂದೊಂದು ತಂಡದಲ್ಲಿ ಇಪ್ಪತ್ತು ಜನ ಸಜ್ಜಾದರೂ ಗೋಲ್‌ಕೀಪರ್‌ಗಳು ಇಬ್ಬರೇ, ಅದರಲ್ಲೂ ಆಡುವುದು ಸಾಮಾನ್ಯವಾಗಿ ಒಬ್ಬರು. ಇನ್ನೊಬ್ಬರು ಬೆಂಚು ಕಾಯಬೇಕು. ನಮ್ಮ ಯಕ್ಷಗಾನ ಮೇಳದಲ್ಲಿ ವರ್ಷಗಟ್ಟಲೆ ಪೂರ್ವರಂಗಕ್ಕೇ ಹಾಡುವ ಹುಡುಗನ ಪಾಡು, ಮಾರಾಯ್ರೆ!

ಅಮೆರಿಕದ ಗೋಲ್‌ಕೀಪರ್ ಟಿಮ್ ಥಾಮಸ್ ಅವರನ್ನೇ ನೋಡಿ. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ತಂಡಗಳು 1994ರಲ್ಲಿ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಂಡಾಗ ಅವರದು 217ನೇ ಸ್ಥಾನ. ಆಮೇಲೆ ಕೆಳಹಂತದ ಲೀಗುಗಳು, ಫಿನ್ಲೆಂಡ್, ಸ್ವೀಡನ್ ಅಂತ ಅಲೆದಾಟ. ಎನ್‌ಎಚ್‌ಎಲ್‌ನ ಬಾಸ್ಟನ್ ಬ್ರೂಯಿನ್ಸ್ ತಂಡದಲ್ಲಿ ಕಾಲೂರುವಾಗ ಪ್ರಾಯ 31. ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್‌ನ 2011ರ ಫೈನಲ್‌ನ ನಿರ್ಣಾಯಕ ಏಳನೇ ಪಂದ್ಯದಲ್ಲಿ, 37ರ ಹರೆಯದಲ್ಲಿ, ಒಂದೇ ಒಂದು ಗೋಲು ಬಿಡಲಿಲ್ಲ.

ಎರಡನೆಯದು, ಈ ಕೆಲಸದಲ್ಲಿ ಓಟಕ್ಕಿಂತ ಅಂದಾಜು ದೊಡ್ಡದು. ಚೆಂಡಿನ ಬದಲಿಗೆ ಇರುವ ಪಕ್ ಎಲ್ಲಿಂದ ಬರುತ್ತದೆಂದು ಮೊದಲೇ ಊಹಿಸುವ ಕಣ್ಣು ಆಡಿ ಆಡಿಯೇ ಪಳಗಬೇಕು. ಡೊಮಿನಿಕ್ ಹಾಶೆಕ್ 43ರವರೆಗೂ ಎನ್‌ಎಚ್‌ಎಲ್‌ನಲ್ಲಿ ನಿಂತದ್ದು ಹಾಗೆ.

ಎಲ್ಲರದೂ ಇದೇ ಕಥೆಯಲ್ಲ ಅನ್ನಿ. ಮಾರ್ಟಿನ್ ಬ್ರೊಡರ್ ಇಪ್ಪತ್ತೊಂದರ ಆಸುಪಾಸಿನಲ್ಲೇ ನೆಲೆಯೂರಿ ಒಟ್ಟು 691 ಪಂದ್ಯ ಗೆದ್ದರು. ಆದರೆ ಮಂಡಿಯೂರಿ ಕಾಲು ಅಗಲಿಸುವ ಈಗಿನ ಶೈಲಿ ಸೊಂಟದ ಕೀಲನ್ನು ಚೆನ್ನಾಗಿಯೇ ಸವೆಸುತ್ತದೆ, ಅದನ್ನೂ ಮಗನಿಗೆ ಹೇಳಿಬಿಡಿ.