ನೂರೈವತ್ತು ಮಂದಿಯ ತರಗತಿಗೆ ಹಿಂದಿನ ದಿನವೇ ಪ್ರಶ್ನೆ: ಆ್ಯಪ್ ಯಾವುದೆಂಬುದು ಆಮೇಲಿನ ಮಾತು

ನೂರೈವತ್ತು ವಿದ್ಯಾರ್ಥಿಗಳ ಪ್ರಥಮ ಬಿ.ಎಸ್ಸಿ. ತರಗತಿಗೆ ಹಿಂದಿನ ದಿನವೇ ಪ್ರಶ್ನೆ ಕಳಿಸಿದರೆ ಅವರು ತರಗತಿಯಲ್ಲಿ ಬಾಯಿ ಬಿಡುತ್ತಾರೆಯೇ, ಅದಕ್ಕೆ ಯಾವ ಆ್ಯಪ್ ಒಳ್ಳೆಯದು ಎಂದು ಕೇಳಿದ್ದೀರಿ. ಜಿಲ್ಲಾ ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನೂ ಇದೇ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಹೊರಟವನು. ನಮ್ಮಲ್ಲಿ ಎರಡು ವಿಭಾಗಗಳನ್ನು ಒಂದೇ ಕೊಠಡಿಗೆ ತುಂಬಿದ್ದರು, "ಅರ್ಥವಾಯಿತೇ?" ಎಂದರೆ ಮುಂದಿನ ಎರಡು ಸಾಲುಗಳಿಂದ "ಆಯ್ತು ಸರ್" ಎಂಬ ದನಿ ಬರುತ್ತಿತ್ತು, ಹಿಂದಿನ ಸಾಲುಗಳದು ಮೌನ.

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಗ್ರೆಗರ್ ನೊವಾಕ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಭೌತಶಾಸ್ತ್ರದ ತರಗತಿಗಳಿಗೆಂದು ರೂಪಿಸಿದ "ಜಸ್ಟ್ ಇನ್ ಟೈಮ್ ಟೀಚಿಂಗ್" ಎಂಬ ಕ್ರಮದ ಬಗ್ಗೆ ಆಗ ಓದಿದೆ. ವಿದ್ಯಾರ್ಥಿಗಳು ಪಾಠವನ್ನು ಮೊದಲೇ ಓದಿ, ತರಗತಿಗೆ ಕೆಲವು ಗಂಟೆಗಳಿರುವಾಗ ಅಂತರ್ಜಾಲದಲ್ಲಿ ಉತ್ತರ ಬರೆಯುತ್ತಾರೆ. ಅಧ್ಯಾಪಕರು ಆ ಉತ್ತರಗಳನ್ನು ಓದಿ ಅಂದಿನ ಪಾಠವನ್ನೇ ಬದಲಿಸಿಕೊಳ್ಳುತ್ತಾರೆ. ಇದರಲ್ಲಿ ನಾನು ಮೊದಲರ್ಧವನ್ನು ಮಾತ್ರ ತಂದೆ.

ತಪ್ಪು ನಡೆದದ್ದು ಅಂಕ ಕೊಡುವುದರಲ್ಲಿ. ಆಂತರಿಕ ಅಂಕಗಳಲ್ಲಿ ಒಂದು ಪಾಲನ್ನು ಈ ಪ್ರಶ್ನೆಗಳಿಗೆ ಮೀಸಲಿಟ್ಟು, ಸರಿಯುತ್ತರಕ್ಕೆ ಮಾತ್ರ ಅಂಕವೆಂದು ಸಾರಿದೆ; ತಿದ್ದುವ ಶ್ರಮ ಉಳಿಯಲೆಂದು ನಾಲ್ಕು ಆಯ್ಕೆಗಳ ಪ್ರಶ್ನೆಗಳನ್ನೇ ಕೊಟ್ಟೆ. ಸರಕು ತುಂಬಿದ ಲಾರಿಯೊಂದು ನಿಂತಿರುವ ಆಟೊಗೆ ಗುದ್ದಿದಾಗ ಯಾವುದು ಯಾವುದರ ಮೇಲೆ ಹೆಚ್ಚು ಬಲ ಪ್ರಯೋಗಿಸುತ್ತದೆ ಎಂಬುದು ಅವುಗಳಲ್ಲಿ ಒಂದು. ಹತ್ತರಲ್ಲಿ ಒಂಬತ್ತು ಮಂದಿ "ಎರಡೂ ಸಮ" ಎಂಬ ಸರಿಯುತ್ತರವನ್ನೇ ಗುರುತಿಸಿದ್ದರು. ನ್ಯೂಟನ್ನನ ಮೂರನೆಯ ನಿಯಮ ಇವರಿಗೆ ಪಿಯುಸಿಯಲ್ಲೇ ಪಕ್ಕಾ ಆಗಿದೆಯೆಂದು ಸಂತೋಷಪಟ್ಟು, ಐದು ನಿಮಿಷದಲ್ಲಿ ಅದನ್ನು ಮುಗಿಸಿ, ಸಂವೇಗದ ಸಂರಕ್ಷಣೆಗೆ ಹಾರಿದೆ. ಕಿರುಪರೀಕ್ಷೆಯಲ್ಲಿ ಅದೇ ಡಿಕ್ಕಿಯ ಚಿತ್ರ ಬರೆದು ಬಲಗಳನ್ನು ಬಾಣಗಳಿಂದ ತೋರಿಸಿ ಎಂದಾಗ, ಬಹುಪಾಲು ಮಂದಿ ಆಟೊ ಮೇಲೆ ಗೇಣುದ್ದದ ಬಾಣವನ್ನೂ ಲಾರಿಯ ಮೇಲೆ ಬೆರಳುದ್ದದ ಬಾಣವನ್ನೂ ಎಳೆದಿದ್ದರು. ವಿಚಾರಿಸಿದರೆ ತಿಳಿದದ್ದಿಷ್ಟು: ಪ್ರಶ್ನೆ ಹೋದ ಅರ್ಧ ಗಂಟೆಯೊಳಗೆ ಯಾರೋ ಒಬ್ಬರು ಸರಿಯುತ್ತರವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಿದ್ದರು, ಉಳಿದವರು ಒತ್ತಿ ಮಲಗುತ್ತಿದ್ದರು.

ಅವರನ್ನು ದೂರಿ ಪ್ರಯೋಜನವಿರಲಿಲ್ಲ. ಸಿಇಟಿಯ ನೆರಳಿನಲ್ಲಿ ಎರಡು ವರ್ಷ ಓದಿ ಬಂದವರಿಗೆ ಪ್ರಶ್ನೆಯೆಂದರೆ ಸರಿಯಾದ ವೃತ್ತವನ್ನು ಕಪ್ಪಾಗಿಸುವ ಕೆಲಸ. ಅಂಕ ಇಟ್ಟು ಆ ನಂಬಿಕೆಗೆ ಮುದ್ರೆಯೊತ್ತಿದವನು ನಾನು. ತಪ್ಪು ಬರೆದರೆ ನಷ್ಟವಾಗುವ ಕಡೆ ಯಾರೂ ತಮಗೆ ನಿಜವಾಗಿ ಅನ್ನಿಸಿದ್ದನ್ನು ಬರೆಯುವುದಿಲ್ಲ, ಮತ್ತು ಅವರಿಗೆ ಅನ್ನಿಸಿದ್ದು ಕೈಗೆ ಬರದಿದ್ದರೆ ಇಡೀ ಏರ್ಪಾಡಿನಿಂದ ಅಧ್ಯಾಪಕನಿಗೆ ಸಿಗುವುದು ಸುಳ್ಳು ನೆಮ್ಮದಿ ಮಾತ್ರ. ಪ್ರಶ್ನೆಯನ್ನೇ ಕಳಿಸದಿದ್ದರೆ ನಾನು ಮೂರನೆಯ ನಿಯಮವನ್ನು ಕನಿಷ್ಠ ಒಂದು ತಾಸು ಕಲಿಸಿಯಾದರೂ ಇರುತ್ತಿದ್ದೆ. ಆ ಸೆಮಿಸ್ಟರಿನ ಕೊನೆಯಲ್ಲಿ ಸಂವೇಗದ ಅಧ್ಯಾಯವನ್ನು ಮೊದಲಿನಿಂದ ಮಾಡಬೇಕಾಯಿತು, ಅದೂ ವಿಶೇಷ ತರಗತಿಗಳಲ್ಲಿ, ಹಳ್ಳಿಯ ಬಸ್ಸು ತಪ್ಪುತ್ತದೆಂದು ಅರ್ಧದಷ್ಟು ಮಂದಿ ಎದ್ದು ಹೋಗುತ್ತಿದ್ದ ಹೊತ್ತಿನಲ್ಲಿ.

ಮರುವರ್ಷ ಆಯ್ಕೆಗಳನ್ನು ಕಿತ್ತುಹಾಕಿದೆ. "ಏಕೆ ಹಾಗೆ ಅನ್ನಿಸುತ್ತದೆ, ಮೂರು ಸಾಲು ಬರೆಯಿರಿ" ಎಂಬುದೇ ಪ್ರಶ್ನೆಯ ಮುಖ್ಯ ಭಾಗವಾಯಿತು. ಉತ್ತರ ತಪ್ಪಿರಲಿ, ಸರಿಯಿರಲಿ, ಬರೆದವರಿಗೆಲ್ಲ ಪೂರ್ಣ ಅಂಕ. ಕನ್ನಡದಲ್ಲಿ ಬರೆಯಬಹುದು, ಇಂಗ್ಲಿಷ್ ಬೆರೆಸಿಯೂ ಬರೆಯಬಹುದು ಎಂದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರ ಉತ್ತರಗಳು ಅಲ್ಲಿಂದ ಒಂದು ಸಾಲಿನಿಂದ ಐದು ಸಾಲಿಗೆ ಬೆಳೆದವು. ಆಗ ಬಂದ ಒಂದು ಉತ್ತರವನ್ನು ಇದ್ದಂತೆಯೇ ಕೊಡುತ್ತೇನೆ: "ಸರ್, ಬಲ ಸಮ ಅಂತ ಪುಸ್ತಕದಲ್ಲಿದೆ. ಆದ್ರೆ ಆಟೊ ಅಪ್ಪಚ್ಚಿ ಆಗುತ್ತೆ, ಲಾರಿಗೆ ಬಂಪರ್ ಮಾತ್ರ ಗೀರುತ್ತೆ. ಸಮ ಹೇಗೆ?"

ಆ ದಿನದ ಪಾಠ ಈ ಮೂರು ವಾಕ್ಯಗಳಿಂದಲೇ ನಡೆಯಿತು. ಹೆಸರು ತೆಗೆದು ಅವನ್ನು ಕರಿಹಲಗೆಯ ಮೇಲೆ ಬರೆದು, ಒಪ್ಪುವವರು ಕೈ ಎತ್ತಿ ಎಂದೆ. ಪಕ್ಕದವರೊಡನೆ ಎರಡು ನಿಮಿಷ ವಾದಿಸಲು ಬಿಟ್ಟು, ಮತ್ತೆ ಕೈ ಎತ್ತಿಸಿದೆ. ಲಾರಿ ಹತ್ತು ಸಾವಿರ ಕೆಜಿ, ಆಟೊ ಐನೂರು ಕೆಜಿ ಎಂದಿಟ್ಟುಕೊಂಡರೆ, ಅದೇ ಬಲಕ್ಕೆ ಆಟೊದ ವೇಗೋತ್ಕರ್ಷ ಲಾರಿಯದಕ್ಕಿಂತ ಇಪ್ಪತ್ತು ಪಟ್ಟು ಎಂಬ ಲೆಕ್ಕವನ್ನು ನಾನು ಹೇಳುವ ಮೊದಲೇ ಹಿಂದಿನ ಸಾಲಿನ ಒಬ್ಬಳು ಹೇಳಿದಳು. (ಆಟೊದ ತಗಡು ತೆಳು ಎಂಬ ಕಾರಣವೂ ಅಪ್ಪಚ್ಚಿಯಾಗುವುದರಲ್ಲಿ ಸೇರಿದೆ, ಅದನ್ನು ಬಿಟ್ಟು ಮಾತನಾಡಿದರೆ ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ ನಿಮ್ಮನ್ನು ನಂಬುವುದಿಲ್ಲ.)

ಹೀಗೆ ಪಕ್ಕದವರೊಡನೆ ವಾದಿಸಿ ಮತ್ತೆ ಮತ ಹಾಕಿಸುವ ಪದ್ಧತಿಯನ್ನು ಹಾರ್ವರ್ಡ್‌ನ ಎರಿಕ್ ಮಜೂರ್ 1991ರಿಂದ ತಮ್ಮ ಭೌತಶಾಸ್ತ್ರ ತರಗತಿಯಲ್ಲಿ ಬಳಸಿದವರು. ಅಮೆರಿಕದ ಭೌತಶಾಸ್ತ್ರಜ್ಞ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು ಬಲದ ಬಗೆಗಿನ ತಿಳಿವಳಿಕೆಯನ್ನು ಪರೀಕ್ಷಿಸಲು ರೂಪಿಸಿದ ಪ್ರಶ್ನೆಗಳನ್ನು ಮಜೂರ್ ತಮ್ಮ ತರಗತಿಗೆ ಕೊಟ್ಟಾಗ, ನೀವು ಕಲಿಸಿದಂತೆ ಉತ್ತರಿಸಬೇಕೋ, ನಾನು ಯೋಚಿಸುವಂತೆ ಉತ್ತರಿಸಬೇಕೋ ಎಂದು ವಿದ್ಯಾರ್ಥಿಯೊಬ್ಬರು ಕೇಳಿದ್ದರಂತೆ. ನನ್ನ ಹುಡುಗ ಬರೆದ "ಪುಸ್ತಕದಲ್ಲಿದೆ, ಆದ್ರೆ" ಎಂಬುದೂ ಅದೇ ಮಾತು. ಮೊದಲ ಮತದಲ್ಲಿ ಸರಿಯಾಗಿ ಹೇಳಿದವರು ಸುಮಾರು 30ರಿಂದ 70 ಪ್ರತಿಶತದೊಳಗಿದ್ದರೆ ಮಾತ್ರ ಚರ್ಚೆಗೆ ಬಿಡುವುದು ವಾಡಿಕೆ. ಅದಕ್ಕಿಂತ ಕಡಿಮೆಯಿದ್ದರೆ ತಪ್ಪನ್ನೇ ಪರಸ್ಪರ ಒಪ್ಪಿಸಿಕೊಳ್ಳುತ್ತಾರೆ, ಆಗ ನೀವೇ ವಿವರಿಸಬೇಕು.

ಆದ್ದರಿಂದ ವಿದ್ಯಾರ್ಥಿಗಳು ಬಾಯಿ ಬಿಡುತ್ತಾರೆಯೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೂರೈವತ್ತು ಮಂದಿಯ ಕೊಠಡಿಯಲ್ಲಿ ಎದ್ದು ಮಾತನಾಡುವವರು ಯಾವಾಗಲೂ ಹತ್ತು ಮಂದಿ, ಅದೇ ಹತ್ತು ಮಂದಿ. ಬಾಯಿ ಬಿಡದ ನೂರನಲವತ್ತು ಮಂದಿಯ ತಲೆಯಲ್ಲಿ ಏನಿದೆಯೆಂದು ಪಾಠ ಶುರುವಾಗುವ ಮೊದಲೇ ನಿಮಗೆ ತಿಳಿಸುವುದು ಈ ಪ್ರಶ್ನೆಗಳ ಕೆಲಸ. ಬದಲಾಗಬೇಕಾದದ್ದು ನಿಮ್ಮ ಪಾಠ. ರಾತ್ರಿ ಬಂದ ಉತ್ತರಗಳನ್ನು ಓದಿದ ಮೇಲೂ ಬೆಳಿಗ್ಗೆ ಅದೇ ಹಳೆಯ ಪಿಪಿಟಿಯನ್ನು ತೋರಿಸುವ ಯೋಚನೆ ನಿಮಗಿದ್ದರೆ, ದಯವಿಟ್ಟು ಪ್ರಶ್ನೆ ಕಳಿಸಬೇಡಿ. ಬರೆದದ್ದನ್ನು ಯಾರೂ ಓದುವುದಿಲ್ಲವೆಂದು ಅವರು ಎರಡೇ ವಾರದಲ್ಲಿ ಕಂಡುಕೊಳ್ಳುತ್ತಾರೆ.

ಆ್ಯಪ್‌ನ ವಿಷಯ ಬೇಗ ಮುಗಿಯುತ್ತದೆ. ಗೂಗಲ್ ಫಾರ್ಮ್ ಸಾಕು. ಡೇಟಾ ಇಲ್ಲದವರಿಗೆ ವಿಭಾಗದ ಬಾಗಿಲಲ್ಲಿ ಚೀಟಿ ಹಾಕುವ ಡಬ್ಬಿ ಇಡಿ. ಗಡುವು ರಾತ್ರಿ ಹತ್ತಕ್ಕಿರಲಿ, ಏಕೆಂದರೆ ಬೆಳಗಿನ ಆರೂವರೆಯ ಬಸ್ಸು ಹಿಡಿಯುವವರು ಬೆಳಿಗ್ಗೆ ಬರೆಯಲಾರರು. ಎಲ್ಲ ಉತ್ತರಗಳನ್ನೂ ತಿದ್ದಲು ಕೂರಬೇಡಿ. ಕಣ್ಣಾಡಿಸಿ, ಒಂದೇ ಬಗೆಯವನ್ನು ಒಂದೆಡೆ ಸೇರಿಸಿ, ಪ್ರತಿ ಗುಂಪಿನಿಂದ ಒಂದನ್ನು ಆರಿಸಿಕೊಳ್ಳಿ. ಅಭ್ಯಾಸವಾದ ಮೇಲೆ ಮುಕ್ಕಾಲು ಗಂಟೆಯ ಕೆಲಸ. "ಓದಿದ್ದರಲ್ಲಿ ಯಾವುದು ಅರ್ಥವಾಗಲಿಲ್ಲ?" ಎಂಬ ಒಂದು ಪ್ರಶ್ನೆಯನ್ನು ಪ್ರತಿ ಸಲವೂ ಕೊನೆಯಲ್ಲಿಡಿ.

ಪಠ್ಯಕ್ರಮ ಮುಗಿಯುವುದಿಲ್ಲವೆಂಬ ಆಕ್ಷೇಪ ವಿಭಾಗದ ಮುಖ್ಯಸ್ಥರಿಂದ ಬಂದೇ ಬರುತ್ತದೆ, ಮತ್ತು ಅದು ಸುಳ್ಳಲ್ಲ. ನಾನು ಬಿಟ್ಟದ್ದು ಪುಸ್ತಕದಲ್ಲಿ ಸಾಲುಸಾಲಾಗಿ ಇರುವುದನ್ನೇ ಕರಿಹಲಗೆಗೆ ಇಳಿಸುವ ಕೆಲಸವನ್ನು. ದಂಡ, ತಟ್ಟೆ, ಗೋಳಗಳ ಮೊಮೆಂಟ್ ಆಫ್ ಇನರ್ಷಿಯಾದ (ತಿರುಗುವ ಚಲನೆಯ ಬದಲಾವಣೆಗೆ ವಸ್ತು ಒಡ್ಡುವ ಪ್ರತಿರೋಧದ) ಲೆಕ್ಕಗಳಲ್ಲಿ ದಂಡದ್ದನ್ನು ಮಾತ್ರ ತರಗತಿಯಲ್ಲಿ ಮಾಡುತ್ತೇನೆ. ಉಳಿದವುಗಳ ಟಿಪ್ಪಣಿ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿರುತ್ತದೆ, ಪರೀಕ್ಷೆಯಲ್ಲಿ ಅವು ಬಂದಾಗ ಹುಡುಗರು ಮೊದಲು ಹೇಗೆ ಬರೆಯುತ್ತಿದ್ದರೋ ಹಾಗೆಯೇ ಬರೆಯುತ್ತಿದ್ದಾರೆ.