ಓದುಗರ ಪ್ರಶ್ನೆ – ವೈದ್ಯರ ಉತ್ತರ: ಪ್ರಯಾಣಕ್ಕೆ ಮುನ್ನ ಮೆದುಳು ಜ್ವರದ ಲಸಿಕೆ

ಪ್ರಶ್ನೆ: ನನ್ನ ಮಗಳಿಗೆ 22 ವರ್ಷ. ಅಧ್ಯಯನಕ್ಕಾಗಿ ಜುಲೈನಿಂದ ಮೂರು ತಿಂಗಳು ಅಸ್ಸಾಮಿನ ಹಳ್ಳಿಯೊಂದರಲ್ಲಿ ಇರಲಿದ್ದಾಳೆ. ಅಲ್ಲಿ ಮೆದುಳು ಜ್ವರವಿದೆ, ಲಸಿಕೆ ಹಾಕಿಸಿ ಎಂದು ಪರಿಚಿತರು ಹೇಳುತ್ತಾರೆ. ಚಿಕ್ಕಂದಿನಿಂದ ಸೊಳ್ಳೆ ಕಡಿಸಿಕೊಂಡೇ ಬೆಳೆದವಳಿಗೆ ಇದರ ಅಗತ್ಯವಿದೆಯೇ?
– ಸಕಲೇಶಪುರದ ಓದುಗರು

ಉತ್ತರ: ಅಗತ್ಯವಿದೆ, ದಯವಿಟ್ಟು ಹಾಕಿಸಿ. ಸೊಳ್ಳೆ ಕಡಿತ ಅಭ್ಯಾಸವಾದ ಮಾತ್ರಕ್ಕೆ ಈ ರೋಗದಿಂದ ರಕ್ಷಣೆ ಸಿಗುವುದಿಲ್ಲ. ನಿಮ್ಮ ಪರಿಚಿತರು ಹೇಳುತ್ತಿರುವುದು ಜಪಾನೀಸ್ ಎನ್ಸೆಫಲೈಟಿಸ್ ಎಂಬ ವೈರಸ್ ಸೋಂಕಿನ ಬಗ್ಗೆ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1955ರಲ್ಲಿ, ವೆಲ್ಲೂರಿನಲ್ಲಿ. ಅಸ್ಸಾಂ ಮತ್ತು ಉತ್ತರ ಪ್ರದೇಶದ ಪೂರ್ವಭಾಗದಲ್ಲಿ ಮಳೆಗಾಲ ಬಂತೆಂದರೆ ಇದರ ಹಾವಳಿ ಏರುತ್ತದೆ, ಮತ್ತು ನಿಮ್ಮ ಮಗಳು ಹೋಗುತ್ತಿರುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ.

ವೈರಸ್ ನೆಲೆಸಿ ಹೆಚ್ಚುವುದು ಹಂದಿಗಳಲ್ಲಿ ಮತ್ತು ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ. ಅಲ್ಲಿಂದ ಅದನ್ನು ಮನುಷ್ಯರಿಗೆ ದಾಟಿಸುವುದು ನೀರು ನಿಂತ ಭತ್ತದ ಗದ್ದೆಗಳಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ. ಡೆಂಗಿ ಸೊಳ್ಳೆ ಹಗಲಿನಲ್ಲಿ ಕಚ್ಚಿದರೆ, ಇದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ, ಹೆಚ್ಚಾಗಿ ಮನೆಯ ಹೊರಗೆ ಕಚ್ಚುತ್ತದೆ. ಹಾಗಾಗಿ ಡೆಂಗಿಗಾಗಿ ನಾವು ರೂಢಿಸಿಕೊಂಡ ಎಚ್ಚರ, ಅಂದರೆ ತೊಟ್ಟಿ ತೊಳೆಯುವುದು, ತೆಂಗಿನ ಚಿಪ್ಪು, ಟೈರು ಎತ್ತಿಡುವುದು, ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಊರ ಸುತ್ತಲಿನ ಗದ್ದೆಯ ನೀರನ್ನು ಯಾರೂ ಚೆಲ್ಲಲಾರರು. ಸೋಂಕು ತಗುಲಿದ ಬಹುತೇಕರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ, ಸುಮಾರು 250ರಲ್ಲಿ ಒಬ್ಬರಿಗೆ ಮಾತ್ರ ಮೆದುಳಿಗೆ ಬಾಧೆ ತಟ್ಟುತ್ತದೆ. ಆದರೆ ಹಾಗೆ ತೀವ್ರವಾದವರಲ್ಲಿ ಶೇ 30ರಷ್ಟು ಮಂದಿ ಸಾಯಬಹುದು. ಬದುಕಿದವರಲ್ಲೂ ಅನೇಕರಿಗೆ ಕೈಕಾಲಿನ ಬಲಹೀನತೆ, ಫಿಟ್ಸ್, ಮರೆವು ಜೀವನಪೂರ್ತಿ ಉಳಿಯುತ್ತವೆ. ಇದಕ್ಕೆ ನಿರ್ದಿಷ್ಟ ಔಷಧವಿಲ್ಲ. ತಡೆಯುವುದೊಂದೇ ದಾರಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ವಯಸ್ಕರಿಗೆ ಕೊಡುವ ನಿಷ್ಕ್ರಿಯ (ಸತ್ತ ವೈರಸ್‌ನಿಂದ ತಯಾರಿಸಿದ) ಲಸಿಕೆಯನ್ನು ಸಾಮಾನ್ಯವಾಗಿ 28 ದಿನಗಳ ಅಂತರದಲ್ಲಿ ಎರಡು ಡೋಸ್ ಹಾಕುತ್ತಾರೆ, ಎರಡನೆಯದು ಹೊರಡುವುದಕ್ಕೆ ಕನಿಷ್ಠ ಒಂದು ವಾರ ಮೊದಲು ಮುಗಿದಿರಬೇಕು. ಟಿಕೆಟ್ ಕಾಯ್ದಿರಿಸುವ ದಿನವೇ ವೈದ್ಯರನ್ನು ಕಂಡರೆ ಈ ಲೆಕ್ಕ ಕೂಡಿಬರುತ್ತದೆ, ಹೊರಡುವ ಹಿಂದಿನ ವಾರ ಓಡಾಡಿದರೆ ಬರುವುದಿಲ್ಲ. ನಮ್ಮಲ್ಲೇ ತಯಾರಾಗುವ ಜೆನ್‌ವ್ಯಾಕ್ ಲಸಿಕೆಗೆ ಬಳಸಿರುವ ವೈರಸ್ ತಳಿ ಕೋಲಾರದಲ್ಲಿ ಪತ್ತೆಯಾದದ್ದು ಎಂಬುದನ್ನೂ ಇಲ್ಲಿ ನೆನೆಯಬೇಕು, ಏಕೆಂದರೆ ಈ ರೋಗ ದೂರದ ನಾಡಿನದಷ್ಟೇ ಅಲ್ಲ. 2022ರ ಡಿಸೆಂಬರಿನಲ್ಲಿ ಹಾಸನವೂ ಸೇರಿದಂತೆ ರಾಜ್ಯದ ಹತ್ತು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಇದರ ಲಸಿಕಾ ಅಭಿಯಾನ ನಡೆದಿತ್ತು. ಆ ವಯಸ್ಸು ದಾಟಿದ್ದ ನಿಮ್ಮ ಮಗಳು ಅದರ ವ್ಯಾಪ್ತಿಗೆ ಬಂದಿರಲಾರಳು.

ಲಸಿಕೆ ಹಾಕಿಸಿದ ಮೇಲೂ ಸೊಳ್ಳೆಪರದೆ ಬಿಡಬಾರದು. ಪರ್ಮೆಥ್ರಿನ್ ಎಂಬ ಕೀಟನಾಶಕ ಲೇಪಿಸಿದ ಪರದೆಯನ್ನು ಇಲ್ಲಿಂದಲೇ ಕೊಂಡೊಯ್ಯಲಿ. ಅಂಚನ್ನು ನೆಲಕ್ಕೆ ಇಳಿಬಿಡದೆ ಹಾಸಿಗೆಯ ಅಡಿಗೆ ನಾಲ್ಕೂ ಕಡೆ ಸಿಕ್ಕಿಸಲಿ, ನಿದ್ದೆಯಲ್ಲಿ ಮೊಣಕೈ ಪರದೆಗೆ ಒತ್ತಿಕೊಳ್ಳದಷ್ಟು ಅಗಲ ಅದಕ್ಕಿರಲಿ, ಏಕೆಂದರೆ ಒತ್ತಿದ ಚರ್ಮಕ್ಕೆ ಸೊಳ್ಳೆ ಹೊರಗಿನಿಂದಲೇ ಕಚ್ಚಬಲ್ಲದು. ಸಂಜೆ ಅಂಗಳದಲ್ಲಿ ಕೂರುವಾಗ ತುಂಬುತೋಳಿನ ಬಟ್ಟೆ ಇರಲಿ, ಪಾದ ಮತ್ತು ಹಿಮ್ಮಡಿಗೂ ಸೊಳ್ಳೆಯನ್ನು ದೂರವಿಡುವ ಡೀಟ್ ಅಥವಾ ಪಿಕಾರಿಡಿನ್ ಇರುವ ಮುಲಾಮು ಹಚ್ಚಿಕೊಳ್ಳಲಿ, ಬೆವರಿದರೆ ಮತ್ತೆ ಹಚ್ಚಲಿ. ಬಯಲಿನಲ್ಲಿ ಹಚ್ಚಿಟ್ಟ ಕಾಯಿಲ್ ಒಂದನ್ನೇ ನಂಬಿ ಕೂರುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ನಾವು ದಂಪತಿ ಐದು ದಿನ ಬ್ಯಾಂಕಾಕ್ ಮತ್ತು ಸಿಂಗಪುರ ನೋಡಿ ಬರಲಿದ್ದೇವೆ. ನಮಗೂ ಈ ಲಸಿಕೆ ಬೇಕೇ?
– ಚಿಕ್ಕಮಗಳೂರಿನ ಓದುಗರು

ಉತ್ತರ: ನಗರಗಳಲ್ಲೇ ಉಳಿದು ಐದು ದಿನದಲ್ಲಿ ಮರಳುವವರಿಗೆ ಅಪಾಯ ತೀರಾ ಕಡಿಮೆ, ಲಸಿಕೆ ಬೇಕಿಲ್ಲ. ಆದರೆ ಪ್ರವಾಸ ಒಂದು ತಿಂಗಳಿಗೆ ಬೆಳೆದರೆ, ಇಲ್ಲವೇ ಕೆಲವೇ ದಿನಗಳಾದರೂ ಗದ್ದೆಯ ನಡುವಿನ ಮನೆಗಳಲ್ಲಿ ರಾತ್ರಿ ಕಳೆಯುವ ಯೋಚನೆಯಿದ್ದರೆ ವೈದ್ಯರೊಂದಿಗೆ ಮತ್ತೆ ಮಾತಾಡಿ. ಹೋಗುವ ದೇಶ ಯಾವುದು ಎನ್ನುವುದಕ್ಕಿಂತ ಯಾವ ಋತುವಿನಲ್ಲಿ ಹೋಗುತ್ತೀರಿ, ಸಂಜೆ ಮತ್ತು ರಾತ್ರಿಯನ್ನು ಎಲ್ಲಿ ಕಳೆಯುತ್ತೀರಿ ಎಂಬುದೇ ಮುಖ್ಯ. ಡೆಂಗಿ ಅಲ್ಲಿಯೂ ಇರುವುದರಿಂದ ಹಗಲಿನಲ್ಲೂ ಮುಲಾಮು ಹಚ್ಚಿಕೊಳ್ಳಿ.

ಪ್ರಶ್ನೆ: ನಾನು ಹಿಂದೆ ಮಂಗನ ಕಾಯಿಲೆಯ ಲಸಿಕೆ ಹಾಕಿಸಿಕೊಂಡಿದ್ದೇನೆ. ಮೆದುಳು ಜ್ವರಕ್ಕೂ ಅದು ಸಾಲದೇ? ಪ್ರವಾಸದಿಂದ ಮರಳಿದ ಮೇಲೆ ಜ್ವರ ಬಂದರೆ ಏನು ಮಾಡಬೇಕು?
– ಕೊಪ್ಪದ ಓದುಗರು

ಉತ್ತರ: ಸಾಲದು. ಎರಡೂ ವೈರಸ್‌ಗಳು ಒಂದೇ ಕುಲಕ್ಕೆ ಸೇರಿದ್ದರೂ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ, ಅದರ ಲಸಿಕೆಯನ್ನು ನಂಬಿ ಮೆದುಳು ಜ್ವರದ ಲಸಿಕೆ ಬಿಡುವಂತಿಲ್ಲ.

ಸೊಳ್ಳೆ ಕಚ್ಚಿದ 5ರಿಂದ 15 ದಿನಗಳಲ್ಲಿ ಲಕ್ಷಣಗಳು ಕಾಣುವುದರಿಂದ ಊರಿಗೆ ಮರಳಿದ ಮೇಲೂ ಜ್ವರ ಶುರುವಾಗಬಹುದು. ಜ್ವರದ ಜೊತೆ ತೀವ್ರ ತಲೆನೋವು, ವಾಂತಿ, ಕುತ್ತಿಗೆ ಬಿಗಿತ, ಮಾತು ತಡವರಿಸುವುದು, ಮಂಕು ಕವಿಯುವುದು ಅಥವಾ ಫಿಟ್ಸ್ ಕಂಡರೆ ಮನೆಯಲ್ಲಿ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ. ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಅದೇ ಹೊತ್ತು ಹೋಗಿ. ಯಾವ ಊರಿನಲ್ಲಿದ್ದಿರಿ, ಎಂದು ಮರಳಿದಿರಿ, ಯಾವ ಲಸಿಕೆ ಆಗಿದೆ ಎಂಬುದನ್ನು ಅವರು ಕೇಳುವ ಮುಂಚೆಯೇ ತಿಳಿಸಿ. ಮಲೆನಾಡಿನವರಲ್ಲಿ ವೈದ್ಯರು ಮೊದಲು ಮಂಗನ ಕಾಯಿಲೆಯನ್ನೋ ಇಲಿಜ್ವರವನ್ನೋ ಶಂಕಿಸುವುದು ಸಹಜ. ಪ್ರಯಾಣದ ವಿವರ ತಿಳಿದರೆ ರಕ್ತದ ಮತ್ತು ಬೆನ್ನುಹುರಿಯ ದ್ರವದ ಮಾದರಿಯನ್ನು ಮೆದುಳು ಜ್ವರದ ಪರೀಕ್ಷೆಗೂ ಕಳುಹಿಸುತ್ತಾರೆ.